ಎಡಗಡೆಯ ಡಬ್ಬಿ

ಸ್ಪೀಕರ್ ಡಬ್ಬಿಯ ಬೆನ್ನಿನ ಮೇಲೆ ಸಿಡಿದಿದ್ದ ಸುಣ್ಣದ ಹನಿಗಳನ್ನು ಉಮಾಶ್ರೀ ಒಂದೊಂದಾಗಿ ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಬಲಗಡೆಯ ಡಬ್ಬಿಯ ಕೆಲಸ ಆಗಲೇ ಮುಗಿದಿತ್ತು. ಒರೆಸಿ, ತಂತಿ ಸಿಕ್ಕಿಸಿ, ಗೋಡೆಯಿಂದ ಗೇಣುದ್ದ ಈಚೆ ಅದರ ಜಾಗದಲ್ಲಿ ನಿಲ್ಲಿಸಿದ್ದಳು. ಎಡಗಡೆಯದು ಮಾತ್ರ ಸುಣ್ಣ ಹಚ್ಚುವ ದುರ್ಗಪ್ಪನ ಏಣಿಯ ಬುಡದಲ್ಲೇ ಸಿಕ್ಕಿ ಮೈತುಂಬ ಚುಕ್ಕೆ ಮಾಡಿಕೊಂಡಿತ್ತು. ದೀಪಾವಳಿಗೆ ಎರಡೇ ದಿನ. ಶಂಕರಪಾಳಿಯ ಹಿಟ್ಟು ನಾದಿ ಮುಚ್ಚಿಟ್ಟು ಬಂದಿದ್ದಳು. ಅದು ನೆನೆಯುವುದರೊಳಗೆ ಪಡಸಾಲೆ ಮುಗಿಸಬೇಕಿತ್ತು. ಕರೆಂಟು ಬೇರೆ ಮುಂಜಾನೆಯೇ ಹೋಗಿತ್ತು.

ಅದು ತೊಂಬತ್ತೊಂಬತ್ತನೆಯ ಇಸವಿ. ಬೈಲಹೊಂಗಲದಲ್ಲಿ ಟೇಪ್ ರಿಕಾರ್ಡರ್ ಇಲ್ಲದ ಮನೆ ಹುಡುಕಬೇಕಿತ್ತು. ಆದರೆ ಹೀಗೆ ಕ್ಯಾಸೆಟ್ ಡೆಕ್ಕು ಬೇರೆ, ಆಂಪ್ಲಿಫೈಯರ್ ಬೇರೆ, ಎದೆಮಟ್ಟದ ಎರಡು ಸ್ಪೀಕರ್ ಡಬ್ಬಿ ಬೇರೆ, ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಕೂರಿಸಿದ ಸೆಟ್ಟು ಅವರ ಓಣಿಯಲ್ಲಿ ಇದೊಂದೇ. ಉಮಾಶ್ರೀಯ ಗಂಡ ಅಂದಾನೆಪ್ಪನದು ಹತ್ತಿ ದಲಾಲಿಯ ಅಡತಿ ಅಂಗಡಿ. ಧಾರವಾಡದಲ್ಲಿ ಬ್ಯಾಂಕಿನಲ್ಲಿರುವ ಅವನ ಚಿಕ್ಕಪ್ಪನ ಮಗ ಬಸವಲಿಂಗ ಪರದೇಶದ ಸೆಟ್ಟು ತರಿಸಿಕೊಂಡ ಸುದ್ದಿ ಬಂದ ಮೇಲೆ ಅಂದಾನೆಪ್ಪನಿಗೆ ಸಮಾಧಾನವಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಯಮನಪ್ಪನನ್ನು ಮುಂಗಾರಿನ ಹೊತ್ತಿಗೆ ಮನೆಗೆ ಕರೆಸಿದ್ದ.

“ನೋಡಪಾ ಯಮನಪ್ಪ, ಆವಾಜ್ ಅಂದ್ರ ಪ್ಯಾಟಿ ತನಕ ಕೇಳಬೇಕು.”

“ಹಂಗಾದ್ರ ಮೈಕ್ ಸೆಟ್ ತಂದು ಹಚ್ಚತೇನ್ರಿ ಸಾವ್ಕಾರ್ರ. ನೀವು ಪ್ಯಾಟ್ಯಾಗ ಕುಂತು ಕೇಳ್ರಿ. ಮನ್ಯಾಗ ಕುಂತು ಕೇಳೋದಾದ್ರ ಅದರ ಲೆಕ್ಕಾನs ಬ್ಯಾರೆ.”

ಅಂದು ಯಮನಪ್ಪ ಪಡಸಾಲೆಯನ್ನು ಹೆಜ್ಜೆ ಹಾಕಿ ಅಳೆದ. ನಾಲ್ಕೂ ಮೂಲೆಯಲ್ಲಿ ನಿಂತು ಚಪ್ಪಾಳೆ ಹೊಡೆದ. ಹಾಸುಗಲ್ಲಿನ ನೆಲ, ಬೋಳು ಗೋಡೆ, ಸಪ್ಪಳ ಚೆಂಡಿನಂತೆ ಪುಟಿಯುತ್ತದೆ, ಡಬ್ಬಿಗಳ ಹಿಂದಿನ ಗೋಡೆಗೆ ಒಂದು ದಪ್ಪ ಕೌದಿ ತೂಗುಹಾಕಿ ಎಂದ. ಸಾಹುಕಾರರ ಪಡಸಾಲೆಯಲ್ಲಿ ಹಳೇ ಸೀರೆಯ ಕೌದಿಯೇ ಎಂದು ಅಂದಾನೆಪ್ಪ ಮುಖ ಸೊಟ್ಟ ಮಾಡಿದ. ಉಮಾಶ್ರೀ ಟ್ರಂಕಿನ ತಳದಿಂದ ತನ್ನ ತವರಿನ ಕೌದಿ ತೆಗೆದು ಕೊಟ್ಟಳು. ಆಮೇಲೆ ಯಮನಪ್ಪ ಕೇಳಿದ ಪ್ರಶ್ನೆಯನ್ನು ಅವಳು ಮದುವೆಯಾದ ಹದಿನೇಳು ವರ್ಷದಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ.

“ಮೆರವಣಿಗಿ ಮೈಕಿನ ಮುಂದ ನಿಂತು ನಿಂತು ನನ್ನ ಬಲಗಿವಿ ಮಂದ ಆಗೇತ್ರಿ. ಕಟ್ಟೋ ಕೈ ನಂದು, ಕೇಳೋ ಕಿವಿ ಮನಿ ಮಂದೀದು. ನಿಮ್ಮಲ್ಲೆ ಹಾಡಿನ ರೂಢಿ ಇದ್ದಾವ್ರು ಯಾರರ ಅದಾರೇನ್ರಿ?”

“ಇಕಿ ಅದಾಳಲ್ಲ,” ಅಂದಾನೆಪ್ಪ ನಕ್ಕಿದ್ದ. “ಮದಿವಿಗಿಂತ ಮೊದಲ ನಾಕ್ ವರ್ಷ ಧಾರವಾಡದಾಗ ಹಾಡು ಕಲೀತ ಪೇಟಿ ಮುಂದ ಕುಂತಾಳ. ಈಗ ಭಾಂಡಿ ಬಾರಸ್ತಾಳ.”

ಸೆಟ್ಟು ಕಟ್ಟಲು ಯಮನಪ್ಪ ಬರುತ್ತಿದ್ದ ಆ ನಾಲ್ಕು ಭಾನುವಾರಗಳನ್ನು ಉಮಾಶ್ರೀ ಹಬ್ಬದ ಹಾಗೆ ಕಾದಿದ್ದಳು. ಡಬ್ಬಿಗಳ ಎದುರು ನಡುವಿಗೆ ಮಣೆ ಹಾಕಿ ಕಣ್ಣು ಮುಚ್ಚಿ ಕೂರುವುದು, ಯಮನಪ್ಪ ಅದೇ ಹಾಡನ್ನು ತೆಳು ದನಿಯ ಬೇರೆ ಬೇರೆ ಟ್ವೀಟರ್ ಹಚ್ಚಿ ಕೇಳಿಸುವುದು. ಮೂರನೆಯದು ಹಚ್ಚಿದಾಗ ಅವಳು, “ಇದು ‘ಸ’ ಅಂದಾಗೆಲ್ಲಾ ಹಾವಿನ ಗತೆ ಬುಸ್ ಅಂತೈತ್ರಿ” ಅಂದಳು. ಯಮನಪ್ಪ ತೊಡೆ ತಟ್ಟಿ, “ಆ ಹಾವನ್ನs ಹುಡುಕಾಕ ಹತ್ತಿದ್ದೆ ನೋಡ್ರಿ ಅಕ್ಕಾರ” ಅಂದು ಅದನ್ನು ಕಿತ್ತು ಚೀಲಕ್ಕೆ ಹಾಕಿದ. ಅಂದಾನೆಪ್ಪ ಬೆಳಗಾವಿಯಿಂದ ತಾನೇ ಹೊತ್ತು ತಂದಿದ್ದ ದಪ್ಪ ದನಿಯ ದೊಡ್ಡ ಊಫರ್‌ಗಳನ್ನು ಯಮನಪ್ಪ ತಿರುಗಿಸಿ ನೋಡಿ ಬದಿಗಿಟ್ಟಿದ್ದ. ಅವು ನಾಲ್ಕು ಓಮಿನವು, ತಾನು ಕಟ್ಟಿದ ಆಂಪ್ಲಿಫೈಯರ್ ಎಂಟಕ್ಕೆ ಕಟ್ಟಿದ್ದು. “ಇವು ಅದರ ಕಡಿಂದ ಡಬಲ್ ದುಡಿಸಿಕೊಂತಾವ್ರಿ. ನಾಕ್ ದಿನ ಭಾರೀ ಕೇಳತೈತಿ, ಐದನೇ ದಿನ ಹೊಗಿ.” ಅಂದಾನೆಪ್ಪ ಗೊಣಗುತ್ತ ಅವನ್ನು ಬದಲಿಸಲು ಮರಳಿ ಬೆಳಗಾವಿಯ ಬಸ್ಸು ಹತ್ತಿದ್ದ.

ಕೊನೆಯ ಭಾನುವಾರ ಎಲ್ಲ ಜೋಡಿಸಿದ ಮೇಲೆ ಯಮನಪ್ಪ ಒಂದು ಡಬ್ಬಿಯ ತಂತಿಗಳನ್ನು ಬೇಕಂತಲೇ ಅದಲುಬದಲು ಮಾಡಿ ಕೇಳಿದ್ದ: “ಹಾಡಾಕಿ ಎಲ್ಲೆ ಕುಂತಾಳ್ರಿ ಈಗ?”

ಉಮಾಶ್ರೀ ಕಣ್ಣು ಮುಚ್ಚಿಯೇ ಹುಡುಕಿದಳು. “ಗ್ವಾಡಿ ತುಂಬ ಅದಾಳ. ಹಿಂಗಂತ ತೋರಸಾಕ ಬರವಲ್ದು.”

ಅವನು ತಂತಿ ಸರಿಮಾಡಿದ. ತಬಲಾ ತುಂಬಿಕೊಂಡು ಬಂತು. ಅವಳ ಕೈ ತಾನಾಗಿಯೇ ಎದುರಿನ ಕೌದಿಯ ನಟ್ಟನಡುವೆ ಬೊಟ್ಟು ಮಾಡಿತು. “ಇಲ್ಲೆ. ಇಲ್ಲೇ ಕುಂತಾಳ.”

“ಎರಡೂ ಡಬ್ಬಿ ಗಾಳೀನ ಕೂಡೇ ದಬ್ಬಬೇಕು, ಕೂಡೇ ಜಗ್ಗಬೇಕ್ರಿ. ಒಂದು ದಬ್ಬಿದಾಗ ಇನ್ನೊಂದು ಜಗ್ಗಿತೋ, ದಪ್ಪನ್ನ ಸಪ್ಪಳೆಲ್ಲಾ ಒಂದನ್ನೊಂದು ತಿಂದು ಬಿಡತಾವ.” ಎಡಗಡೆಗೆ ತಂದ ತಂತಿ ಸಾಲದೆ ಅವನು ಮನೆಯಲ್ಲಿದ್ದ ಬಿಳಿ ತಂತಿಯನ್ನೇ ಹಚ್ಚಿದ್ದ. ಎರಡು ಎಳೆಯೂ ಬಿಳಿ. ಗುರುತಿಗೆ ಒಂದು ಎಳೆಗೆ ಕೆಂಪು ದಾರ ಕಟ್ಟಿ, “ದಾರ ಇದ್ದದ್ದು ಕೆಂಪು ತಿರುಪಿಗೆ ಅಕ್ಕಾರ, ಮರೀಬ್ಯಾಡ್ರಿ” ಅಂದಿದ್ದ. “ನಾ ಹೆಂಗ ಮರೀಲಿ” ಅಂದಿದ್ದಳು ಉಮಾಶ್ರೀ.

ಈಗ ಆ ದಾರ ಸುಣ್ಣ ಮೆತ್ತಿಕೊಂಡು ಸೆಟೆದು ಕಡ್ಡಿಯಾಗಿತ್ತು. ಅವಳು ಒರೆಸುವ ಅರಿವೆಯಿಂದ ತಂತಿಯನ್ನು ಜೋರಾಗಿ ಜಗ್ಗಿದಾಗ ದಾರ ಕಿತ್ತು ಬಂದು ಕಸದಲ್ಲಿ ಬಿತ್ತು. ಅಡುಗೆಮನೆಯಲ್ಲಿ ಬೆಕ್ಕು ಏನನ್ನೋ ಉರುಳಿಸಿದ ಸಪ್ಪಳ. ಉಮಾಶ್ರೀ ಎದ್ದು ಓಡಿ, ಬೆಕ್ಕನ್ನು ಅಟ್ಟಿ, ಹಿಟ್ಟು ಮುಟ್ಟಿ ನೋಡಿ ಬಂದಳು. ಬಂದು ಕೂತಾಗ ಎರಡು ಬಿಳಿ ಎಳೆಗಳು ಅವಳ ಮುಂದೆ ಒಂದೇ ತರ ಬಿದ್ದಿದ್ದವು. ಒಂದು ಗಳಿಗೆ ನೋಡಿದಳು. ತಂತಿ ಹೇಗೆ ಬಾಗಿದೆಯೋ ಹಾಗೆ ಸಿಕ್ಕಿಸಿದರಾಯಿತು, ಅಷ್ಟು ತನಗೆ ತಿಳಿಯದೇ ಎಂದುಕೊಂಡಳು. ಹಚ್ಚಿ ಕೇಳಿ ನೋಡಲು ಕರೆಂಟಿರಲಿಲ್ಲ. ಡಬ್ಬಿಯನ್ನು ಜಾಗಕ್ಕೆ ದಬ್ಬಿ ಒಲೆಯ ಕಡೆ ಹೋದಳು.

ಪಾಡ್ಯದ ದಿನ ಅಂಗಡಿಯ ಪೂಜೆ ಮುಗಿಸಿಕೊಂಡು ಹತ್ತು ಹನ್ನೆರಡು ಮಂದಿ ಗಂಡಸರು ಪಾನ್ ಸುಪಾರಿಗೆ ಮನೆಗೆ ಬಂದರು. ಪೇಟೆಯ ಅಡತಿಯವರು, ಓಣಿಯ ಹಿರಿಯರು, ಧಾರವಾಡದಿಂದ ಬಸವಲಿಂಗ. ಅಂದಾನೆಪ್ಪ ಎಲ್ಲರನ್ನೂ ಕೌದಿಯ ಎದುರು ಜಮಖಾನೆಯ ಮೇಲೆ ಕೂರಿಸಿ, ಸೆಟ್ಟಿಗೆ ಒಂದು ಹೂವು ಏರಿಸಿ, ಸುಣ್ಣ ಹಚ್ಚಿದ ಮೇಲೆ ಮೊದಲ ಸಲ ಗುಂಡಿ ಒತ್ತಿದ.

ಉಮಾಶ್ರೀ ಅಡುಗೆಮನೆಯಲ್ಲಿ ಚಕ್ಕುಲಿ ತಾಟಿಗೆ ಹಾಕುತ್ತಿದ್ದಳು. ಹಾಡಿನ ಮೊದಲ ಸಾಲು ಮುಗಿಯುವುದರೊಳಗೆ ಅವಳಿಗೆ ತಿಳಿಯಿತು. ಆಮೇಲೆ ಎಷ್ಟೋ ದಿನ ಅವಳು ತನಗೆ ತಾನೇ ಹೇಳಿಕೊಂಡು ನೋಡಿದಳು: ಗದ್ದಲವಿತ್ತು, ಎಣ್ಣೆ ಚಟಪಟ ಅನ್ನುತ್ತಿತ್ತು, ಆಗ ಗೊತ್ತಾಗಿರಲಿಲ್ಲ ಎಂದು. ಅದು ನಿಜವಲ್ಲ. ಗೊತ್ತಾಗಿತ್ತು. ಹಾಡುವವಳು ಗೋಡೆ ತುಂಬ ಚೆಲ್ಲಿಕೊಂಡಿದ್ದಳು, ತಬಲಾಕ್ಕೆ ಹೊಟ್ಟೆಯೇ ಇರಲಿಲ್ಲ.

“ಅಣ್ಣಾ, ಹಾಡಾಕಿ ಬಾವ್ಯಾಗ ಬಿದ್ದಾಳಲ್ಲೋ,” ಬಸವಲಿಂಗನ ದನಿ ಕೇಳಿಸಿತು. “ಯಾರರ ಹಗ್ಗಾ ಬಿಡ್ರಿ.”

ಎಲ್ಲರೂ ನಕ್ಕರು. ಅಂದಾನೆಪ್ಪ ಆವಾಜು ಏರಿಸಿದ. ಏರಿಸಿದಷ್ಟೂ ಅದು ತಗಡಿನ ಡಬ್ಬಿಯಂತೆ ಕಿರುಚಿತು.

“ತಬಲಾದಾಂವ ಬಂದಿಲ್ಲೇನು ಇವತ್ತ? ಹಬ್ಬಕ್ಕ ಊರಿಗೆ ಹೋಗ್ಯಾನೋ ಏನೋ!” ಮತ್ತೆ ನಗೆ.

“ಏ ಉಮಾ! ಬಾ ಇಲ್ಲೆ.”

ಅವಳು ಚಕ್ಕುಲಿಯ ತಾಟು ಹಿಡಿದೇ ಬಾಗಿಲಿಗೆ ಬಂದಳು. ಅಂದಾನೆಪ್ಪನ ಕಿವಿ ಕೆಂಪಾಗಿದ್ದವು. “ಇದನ್ನ ಆರಿಸಿದಾಕಿ ನೀನs ಅಲ್ಲೇನ? ಚಲೋ ಐತಿ, ಇದs ಇರಲಿ ಅಂದಾಕಿ?”

“ಓಹೋ, ವೈನ್ಯಾರು ಆರಿಸಿದ್ದೇನು!” ಎಂದ ಬಸವಲಿಂಗ ಅತ್ತಿಗೆಯ ಕಡೆ ನೋಡಿ. ಕೆಟ್ಟ ನಗೆಯೇನಲ್ಲ. ಹೆಂಗಸರ ಕೈಯಲ್ಲಿ ಮಶೀನು ಕೊಟ್ಟರೆ ಇನ್ನೇನಾದೀತು ಅನ್ನುವ, ಪ್ರೀತಿ ಬೆರೆತ ನಗೆ. ಹನ್ನೆರಡು ಮುಖಗಳು ಅವಳ ಕಡೆ ತಿರುಗಿದವು.

ತಂತಿ ನಾನೇ ತಪ್ಪಿ ಹಚ್ಚಿದ್ದೇನೆ. ಆ ಮಾತು ಹಲ್ಲಿನ ತನಕ ಬಂದಿತ್ತು. ಹೇಳಿ, ಡಬ್ಬಿಯ ಹಿಂದೆ ಕೈ ಹಾಕಿ, ಎಳೆ ತಿರುಗಿಸಿದ್ದರೆ ಒಂದು ನಿಮಿಷದ ಕೆಲಸ. ಇನ್ನೊಂದು ನಗೆ ಎದ್ದು ಅಡಗುತ್ತಿತ್ತು. ಆದರೆ ಆ ನಾಲ್ಕು ಭಾನುವಾರಗಳು, ಮೊದಲ ಸಲ ಯಾರೋ ಅವಳ ಕಿವಿಗೆ ಕೊಟ್ಟ ಬೆಲೆ, ಆ ನಗೆಯಲ್ಲಿ ಹೋಗಿಬಿಡುತ್ತಿತ್ತು. ಅವಳ ಬಾಯಿ ಬೇರೆಯದನ್ನು ಆಡಿತು.

“ಆವಾಗ ಚಲೋ ಇತ್ತರಿ. ಹೋದ ತಿಂಗಳ ಗುಂಯ್ ಅಂತೈತಿ ಅಂತ ಯಮನಪ್ಪ ಆಂಪ್ಲಿಫೈಯರ್ ಎರಡ ದಿನ ಅಂಗಡಿಗೆ ಒಯ್ದಿದ್ದನಲ್ಲ... ಒಳಗಿನ ಸಾಮಾನು ಏನರ ಬದಲಿ ಮಾಡ್ಯಾನೋ ಏನೋ.”

ಒಯ್ದದ್ದಷ್ಟೇ ನಿಜ. ಒಣ ಹುಲ್ಲಿಗೆ ಕಿಡಿ ಬೇಕಾಗಿತ್ತು ಅಷ್ಟೇ. ರಿಪೇರಿಯವರು ಅಸಲಿ ಸಾಮಾನು ತೆಗೆದು ನಕಲಿ ಹಾಕುತ್ತಾರೆಂಬ ಅನುಮಾನ ಊರಲ್ಲಿ ಯಾರಿಗಿರಲಿಲ್ಲ? ಒಬ್ಬರಿಗೆ ತಮ್ಮ ರೇಡಿಯೋ ನೆನಪಾಯಿತು, ಇನ್ನೊಬ್ಬರಿಗೆ ಮಿಕ್ಸರು. “ತಾಂಬ್ರದ ಟ್ರಾನ್ಸ್‌ಫಾರ್ಮರ್ ತಗದು ಅಲ್ಯುಮಿನಮ್ಮಿಂದು ಕೂರ್ಸಿರತಾನ ಮಗಾ,” ಎಂದರು ಯಾರೋ. ಬಸವಲಿಂಗ ತಲೆಯಾಡಿಸಿ, “ವೈನ್ಯಾರ ಕಿವಿ ಭಾರೀ ಸೂಕ್ಷ್ಮ ಐತಿ ಬಿಡ್ರಿ” ಅಂದ. ಉಮಾಶ್ರೀ ಚಕ್ಕುಲಿ ಹಂಚಿದಳು. ಎಲ್ಲರಿಗೂ ಎರಡೆರಡು.

ಮರುದಿನ ಮುಂಜಾನೆ ಅಂದಾನೆಪ್ಪ ಆಂಪ್ಲಿಫೈಯರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಸವಲಿಂಗನನ್ನು ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ಧಾರವಾಡದ ಬಸ್ಸಿಗೆ ನಿಂತಿದ್ದ ಮಂದಿಯೆಲ್ಲ ಸುತ್ತ ಕೂಡುವ ಹಾಗೆ ಕೂಗಾಡಿ ಬಂದ. ಊಟಕ್ಕೆ ಕೂತಾಗ ಅದನ್ನು ಬಣ್ಣಿಸಿ ಬಣ್ಣಿಸಿ ಹೇಳಿದ.

“ಮೊದಲ ಭಾಳ ವಾದಾ ಮಾಡಿದ. ನಾ ಏನೂ ಮುಟ್ಟಿಲ್ರಿ, ಬೇಕಾದ್ರ ಈಗs ಬಿಚ್ಚಿ ತೋರಸ್ತೇನಿ ಅಂದ. ನಾ ಅಂದೆ, ತಮ್ಮಾ, ಆರಿಸಿದಾಕಿನs ಹೇಳ್ಯಾಳ, ಬದಲಿ ಆಗೇತಿ ಅಂತ. ಅಷ್ಟಂದಿದ್ದs ತಡ, ಗಪ್ ಆದ ನೋಡು.”

“ಏನಂದ?” ಉಮಾಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

“‘ಅಕ್ಕಾರ ಅಂದ್ರೇನ್ರಿ?’ ಅಂತ ಕೇಳಿದ. ಹೂಂ ಅಂದೆ. ‘ಇಟ್ಟು ಹೋಗ್ರಿ, ನೋಡತೇನಿ’ ಅಂದ. ಕಳ್ಳಗ ಮತ್ತೇನು ಉಳೀತು ಮಾತಾಡಾಕ?”

ಆ ಮಧ್ಯಾಹ್ನ ಅಂದಾನೆಪ್ಪ ಅಂಗಡಿಗೆ ಹೋದ ಮೇಲೆ ಉಮಾಶ್ರೀ ಪಡಸಾಲೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಎಡಗಡೆಯ ಡಬ್ಬಿಯ ಹಿಂದೆ ಕೂತಳು. ಎರಡು ತಿರುಪು ಸಡಿಲಿಸಿ, ಎರಡು ಎಳೆ ತಿರುಗಿಸಿ ಹಚ್ಚಿದಳು. ಮನಸ್ಸು ಹಗುರಾದಂತಿತ್ತು. ಸೆಟ್ಟು ಮರಳಿ ಬರುತ್ತದೆ, ಸರಿಯಾಗಿ ಹಾಡುತ್ತದೆ, ಏನೂ ಆಗಿರಲಿಲ್ಲ ಎಂದು ಎಲ್ಲರೂ ಮರೆಯುತ್ತಾರೆ. ತಾನು ಮಾಡಿದ್ದನ್ನು ತಾನೇ ಅಳಿಸಿಬಿಟ್ಟೆ ಅಂದುಕೊಂಡಳು. ಇದನ್ನು ಆಮೇಲೆ ನೆನೆದಾಗ ಅವಳಿಗೆ ಮೊದಲಿನ ಸುಳ್ಳಿಗಿಂತ ಹೆಚ್ಚು ನಾಚಿಕೆಯಾದದ್ದು ಈ ಹಗುರಿಗೆ.

ಮೂರನೆಯ ದಿನ ಯಮನಪ್ಪ ಆಂಪ್ಲಿಫೈಯರ್ ಹೊತ್ತು ತಂದ. ಅಂದಾನೆಪ್ಪ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಯಮನಪ್ಪ ಯಾರ ಮುಖವನ್ನೂ ನೋಡದೆ ತಂತಿಗಳನ್ನು ಸಿಕ್ಕಿಸಿದ. ಕೊನೆಗೆ ಎಡಗಡೆಯ ಡಬ್ಬಿಯ ಹಿಂದೆ ಬಗ್ಗಿದವನು ಹಾಗೇ ಉಳಿದ. ಉಮಾಶ್ರೀ ಅಡುಗೆಮನೆಯ ಬಾಗಿಲಲ್ಲಿದ್ದಳು. ಅವನಿಗೆ ಅಲ್ಲಿ ಏನು ಕಾಣುತ್ತಿದೆಯೆಂದು ಅವಳಿಗೆ ಗೊತ್ತಿತ್ತು: ದಾರವಿಲ್ಲದ ಎರಡು ಬಿಳಿ ಎಳೆ, ಹೊಸದಾಗಿ ಗೀರಿದ ತಿರುಪು.

“ದಾರ ಬಿದ್ದಂಗೈತ್ರಿ,” ಅಂದ ಅವನು, ಗೋಡೆಗೆ ಹೇಳಿದ ಹಾಗೆ. ಚೀಲದಿಂದ ಒಂದು ತುಂಡು ಕೆಂಪು ದಾರ ತೆಗೆದು ಎಳೆಗೆ ಕಟ್ಟಿ, ಗಂಟಿನ ತುದಿಯನ್ನು ಹಲ್ಲಿನಿಂದ ಕಡಿದ. ಎದ್ದು ಗುಂಡಿ ಒತ್ತಿದ.

ಹಾಡು ತುಂಬಿಕೊಂಡು ಬಂತು. ಹಾಡುವವಳು ಕೌದಿಯ ನಡುವೆ ಬಂದು ಕೂತಳು.

ಅಂದಾನೆಪ್ಪ ಕುರ್ಚಿಯ ಕೈ ಬಡಿದು ನಕ್ಕ. “ಹೆಂಗೈತಿ? ಮಂದಿ ಮುಂದ ಒಂದು ಬಿಗಿ ಬಿಗದ ಕೂಡ್ಲೆ ಅಸಲಿ ಸಾಮಾನು ತಾನs ನಡಕೋತ ಬಂದು ಕುಂತೈತಿ!”

“ನಾ ಏನೂ ಬದಲಿ ಮಾಡಿಲ್ರಿ ಸಾವ್ಕಾರ್ರ. ಆವಾಗೂ ಇಲ್ಲ, ಈಗೂ ಇಲ್ಲ.”

“ಹಂಗಾದ್ರ ಮೊನ್ನೆ ಕೆಟ್ಟದ್ದು ಇವತ್ತ ತಾನs ನೆಟ್ಟಗಾತೇನು? ಏನ ದೇವರ ಬಂದಿದ್ನೇನು ಮೈಮ್ಯಾಲ?”

ಯಮನಪ್ಪ ಆಗ ಉಮಾಶ್ರೀಯ ಕಡೆ ನೋಡಿದ. ಬೈಯುವ ನೋಟವಲ್ಲ. ಟ್ವೀಟರ್ ಹಚ್ಚಿ ‘ಇದೋ, ಇದೋ’ ಎಂದು ಕೇಳಿ ಕಾಯುತ್ತಿದ್ದನಲ್ಲ, ಅದೇ ಕಾಯುವ ನೋಟ. ಅವಳು ಕಣ್ಣು ಕೆಳಗಿಳಿಸಿ, “ಚಾ ಮಾಡೇನಿ, ಕುಡದು ಹೋಗ್ರಿ” ಅಂದಳು.

“ಬ್ಯಾಡ್ರಿ ಅಕ್ಕಾರ,” ಎಂದು ಅವನು ಚೀಲ ಹೆಗಲಿಗೇರಿಸಿ ಮೆಟ್ಟಲಿಳಿದ.

ಓಣಿಯ ಹೆಣ್ಣುಮಕ್ಕಳದೊಂದು ಭಜನೆಯ ಬಳಗವಿತ್ತು. ಸೋಮವಾರಕ್ಕೊಮ್ಮೆ ಪಾಳಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಿದ್ದರು. ಕೂಡಲು ಗುಡಿಯ ಹಿಂದೆ ಒಂದು ಕೋಣೆ ಸಿಕ್ಕಿತ್ತು, ಶಿವರಾತ್ರಿಯೊಳಗೆ ಅಲ್ಲಿಗೊಂದು ಸೆಟ್ಟು ಬೇಕಿತ್ತು. ಶ್ರಾವಣದಲ್ಲಿ ಉಮಾಶ್ರೀಯೇ ಎಲ್ಲರನ್ನೂ ತನ್ನ ಮನೆಗೆ ಕರೆದು ಹಾಡು ಕೇಳಿಸಿ, ಯಮನಪ್ಪನ ಹೆಸರು ಹೇಳಿದ್ದಳು. ಅವನು ಕೋಣೆಗೂ ಹೋಗಿ ಚಪ್ಪಾಳೆ ಹೊಡೆದು ಬಂದು, ಬಡಿಗೇರ ಭರಮಪ್ಪನಿಗೆ ಡಬ್ಬಿಗಳನ್ನು ಮಾಡಲು ಹೇಳಿದ್ದ. ಹಬ್ಬದ ನಂತರದ ಮೊದಲ ಸೋಮವಾರ ಭಜನೆ ಮುಗಿದು ಚಹಾ ಬಂದಾಗ ಹಿರಿಯಳಾದ ಸಾವಿತ್ರೆವ್ವ ಮಾತು ತೆಗೆದಳು.

“ಯವ್ವಾ, ಆ ಯಮನಪ್ಪಗ ಬ್ಯಾಡ ಅಂತ ಹೇಳಿ ಕಳಸೋಣು. ಸಾವ್ಕಾರ್ರ ಮನೀ ಸಾಮಾನನ್ನs ಬದಲಿ ಮಾಡಾವ, ನಮ್ಮಂಥಾವ್ರ ಕಣ್ಣಾಗ ಮಣ್ಣು ಹಾಕಾಕ ತಡಾ ಮಾಡ್ತಾನೇನು?”

“ಬರೇ ಕಿವೀಲೆ ಹಿಡದಾಳಂತಲ್ಲs ನಮ್ಮ ಉಮಾಶ್ರೀ!” ಇನ್ನೊಬ್ಬಳು ಅವಳ ತೊಡೆ ತಟ್ಟಿದಳು. “ಡಬ್ಬಿ ಬಿಚ್ಚದs ಹೇಳಿದಳಂತ, ಒಳಗಿಂದು ಬದಲಿ ಆಗೇತಿ ಅಂತ. ನಮಗರ ಗುಂಡಿ ಯಾವುದು, ತಿರುಪು ಯಾವುದು ತಿಳಿಯೂದಿಲ್ಲ.”

“ಎಂ.ಕೆ. ಹುಬ್ಬಳ್ಳಿಯಿಂದ ಒಬ್ರು, ಮುರಗೋಡದಿಂದ ಒಬ್ರು ಅವನ ಕಡೆ ಕಟ್ಟಸಾವ್ರಿದ್ರಂತ. ನಮ್ಮನಿಯವ್ರು ಹೇಳಿದ್ರು, ಇಬ್ರೂ ಒಲ್ಲೆ ಅಂದ್ರಂತ. ಬಸ್‌ಸ್ಟ್ಯಾಂಡಿನ್ಯಾಗ ಮಂದೆಲ್ಲಾ ನೋಡೇತಲ್ಲ.”

“ಇಕಿ ಕಿವಿ ಇಲ್ಲದಿದ್ರ ಎಷ್ಟ ಮಂದಿ ಮೋಸ ಹೋಗತಿದ್ರೋ!”

ಉಮಾಶ್ರೀಯ ಕೈಯಲ್ಲಿ ಬಸಿ ಇತ್ತು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಹೊಗಳಿಕೆ ಅವಳ ಮೈಮೇಲೆ ಒಂದೊಂದಾಗಿ ಬೀಳುತ್ತಿತ್ತು, ಒಂದನ್ನೂ ಕೊಡವಿಕೊಳ್ಳಲಾಗಲಿಲ್ಲ. ಬಯ್ದಿದ್ದರೆ ಅತ್ತು ಹಗುರಾಗಬಹುದಿತ್ತು. ಹೊಗಳಿದರೆ ಏನು ಮಾಡುವುದು? “ಇರ್ರಿ, ಅವಸರ ಬ್ಯಾಡ” ಅಂದಳು. ಅದಕ್ಕೆ ಸಾವಿತ್ರೆವ್ವ, “ನಿನ್ನ ಕರುಳು ಭಾಳ ಮೆತ್ತಗ ತಂಗಿ, ಕಳ್ಳಗೂ ಮರಗತೀ” ಎಂದುಬಿಟ್ಟಳು. ಬರುವ ಸೋಮವಾರ ಸಾವಿತ್ರೆವ್ವನ ಮನೆಯ ಪಾಳಿ, ಅಲ್ಲಿ ಕೂತು ಕಡೆಯ ಮಾತು ಮಾಡೋಣವೆಂದು ಎದ್ದರು.

ಮರುದಿನ ಮುಂಜಾನೆ, ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅವಳು ಹೇಳಿದಳು. ಪೀಠಿಕೆಯಿಲ್ಲದೆ ಹೇಳಿದಳು, ಇಲ್ಲದಿದ್ದರೆ ಹೇಳುವುದೇ ಆಗುತ್ತಿರಲಿಲ್ಲ. ಸುಣ್ಣ, ದಾರ, ಬಿಳಿ ಎಳೆ. ತಾನೇ ತಪ್ಪಿ ಹಚ್ಚಿದ್ದು, ತಾನೇ ತಿರುಗಿಸಿದ್ದು. “ಯಮನಪ್ಪಂದು ಏನೂ ತಪ್ಪಿಲ್ಲರಿ. ಹಬ್ಬದ ದಿನಾನs ನನಗ ಗೊತ್ತಿತ್ತು.”

ಅಂದಾನೆಪ್ಪನ ಬೆರಳು ಮೂರನೆಯ ಗುಂಡಿಯ ಮೇಲೆ ನಿಂತವು. ಅವನು ಕೆಟ್ಟವನಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಾನು ಆಡಿದ ಮಾತುಗಳು ಅವನ ಮುಖದ ಮೇಲೆ ಒಂದೊಂದಾಗಿ ಬಂದು ಹೋಗುವುದು ಅವಳಿಗೆ ಕಂಡಿತು.

“ಯಾರ ಮುಂದರ ಅಂದೀ?”

“ಇಲ್ಲರಿ.”

“ಅನಬ್ಯಾಡ. ಆದದ್ದು ಆತು.” ಗುಂಡಿ ಹಾಕಿಕೊಂಡ. “ಪ್ಯಾಟ್ಯಾಗ ನಾಕ್ ಮಂದಿ ಮುಂದ ಬಾಯಿ ಬಿಟ್ಟೇನಿ. ಈಗ ಹೇಂತಿ ತಪ್ಪಂದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ? ಮುಂದ ಎಂದರ ಒಂದು ಟೇಪೋ ರೇಡಿಯೋನೋ ಅವನ ಕಡೇನs ಕೊಡೋಣು. ತಿಳೀತಿಲ್ಲೋ?”

“ಮತ್ತ ಅವನ ಮಾರಿ?”

“ರಿಪೇರಿಯವ್ರಿಗೆ ಇದು ರೂಢಿ ಇರತೈತಿ,” ಎಂದ ಅಂದಾನೆಪ್ಪ. ಅದನ್ನು ಹೇಳುವಾಗ ಅವಳ ಕಡೆ ನೋಡಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಟೇಹೋದ.

ಅಂದಿನಿಂದ ಆ ಸುಳ್ಳು ಇಬ್ಬರದಾಯಿತು. ಉಮಾಶ್ರೀಗೆ ಭಾರ ಅರ್ಧವಾಗಬೇಕಿತ್ತು, ಇನ್ನಷ್ಟಾಯಿತು. ಗಂಡ ಸಂಜೆ ಬಂದು ಸೆಟ್ಟು ಹಚ್ಚುವುದನ್ನು ಬಿಡಲಿಲ್ಲ. ಮೊದಲಿಗಿಂತ ಸ್ವಲ್ಪ ಸಣ್ಣ ದನಿಯಲ್ಲಿ ಹಚ್ಚುತ್ತಿದ್ದ, ಅಷ್ಟೆ. ಅವಳು ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಹಾಡು ಎಷ್ಟು ಸರಿಯಾಗಿತ್ತೆಂದರೆ ಪ್ರತಿಯೊಂದು ಸ್ವರವೂ ಯಮನಪ್ಪನ ಕೈಯ ನೇರವನ್ನು ಹೇಳುತ್ತಿತ್ತು. ಟ್ವೀಟರ್ ಆರಿಸುವಾಗ ಅವನು ಒಮ್ಮೆಯೂ ‘ನಿಮಗ ತಿಳಿಯೂದಿಲ್ಲ’ ಅಂದಿರಲಿಲ್ಲ. ಅವಳು ಅಂದದ್ದನ್ನು ಅಂದ ಹಾಗೆ ನಂಬಿ ಕೆಲಸ ಮಾಡಿದ್ದ. ಬಸ್‌ಸ್ಟ್ಯಾಂಡಿನಲ್ಲೂ ಹಾಗೇ ಮಾಡಿದ್ದ. ಅಕ್ಕಾರ ಅಂದರೆ, ಮತ್ತೆ ವಾದವಿಲ್ಲ. ಆ ನಂಬಿಕೆಯನ್ನೇ ಹಿಡಿದು ಅವನನ್ನು ಬೀದಿಗೆ ಕೆಡವಿದ್ದಳು.

ಶುಕ್ರವಾರ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಾಗ ಸಾವಿತ್ರೆವ್ವ ಪಾಳಿಯಲ್ಲಿ ಕೂತಿದ್ದಳು, ತಲೆಗೂದಲೆಲ್ಲ ಹಿಟ್ಟಾಗಿ. ಗಿರಣಿಯ ಗದ್ದಲದಲ್ಲಿ ಇಬ್ಬರೂ ಕಿವಿಯ ಹತ್ತಿರ ಬಾಯಿ ತಂದೇ ಮಾತಾಡಬೇಕಾಯಿತು.

“ಯಕ್ಕಾ, ಈ ಸೋಮಾರ ಬಳಗ ನಮ್ಮನ್ಯಾಗ ಕೂಡ್ಲಿ.”

“ಯಾಕs? ಪಾಳಿ ನಂದೈತಲ್ಲ. ನನ್ನ ಮನೀ ಚಾ ಸಪ್ಪಗಿರತೈತೇನು?”

“ಹಂಗಲ್ಲs ಯಕ್ಕಾ. ನನ್ನ ಪಾಳಿ ಬಂದಾಗ ನೀ ಕರಿಯಂತಿ.”

ಸಾವಿತ್ರೆವ್ವ ಕಣ್ಣು ಕಿರಿದು ಮಾಡಿ ನೋಡಿ ನಕ್ಕಳು. “ತಿಳೀತು ಬಿಡು. ಗಂಡನ ಸೆಟ್ಟಿನ ಡೌಲು ತೋರಸಾಕಲ್ಲ? ಬರತೇವಿ ತಾಯಿ, ಬರತೇವಿ. ಆದ್ರ ಭಜಿ ಮಾಡಿರಬೇಕು, ಬರೇ ಹಾಡು ಕೇಳಿಸಿ ಕಳಸಿಗಿಳಿಸೀ.”

“ಎಲ್ಲಾರನ್ನೂ ಕರಕೊಂಡು ಬಾ,” ಅಂದಳು ಉಮಾಶ್ರೀ. “ಒಬ್ರೂ ತಪ್ಪಬಾರ್ದು.”

ಸಂಜೆ ಅಂದಾನೆಪ್ಪನಿಗೆ ಅಷ್ಟೇ ಹೇಳಿದಳು, ಬಳಗ ಸೋಮವಾರ ನಮ್ಮಲ್ಲಿ ಕೂಡುತ್ತದೆಂದು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ಅಲ್ಲಿ ಏನೂ ಕಾಣದೆ, ಸಮಾಧಾನಗೊಂಡ. “ಚಲೋನs ಆತು. ನಾನೂ ಆವತ್ತ ಲಗೂ ಬಂದು ಸೆಟ್ ಹಚ್ಚಿ ಕೊಡತೇನಿ. ಕೇಳ್ಲಿ ಅವ್ರೂ.”

“ಬರ್ರಿ,” ಅಂದಳು.

ಪುಂಡಿ ಸೊಪ್ಪು ಮೊರದಲ್ಲಿ ಹರವಿಕೊಂಡು ಎಲೆ ಬಿಡಿಸುತ್ತ ಕೂತಳು. ಸೋಮವಾರ ಸೆಟ್ಟು ಹಚ್ಚುವ ಮೊದಲೇ ತಂತಿಯ ಮಾತು ಹೇಳಬೇಕು, ಹಾಡು ಶುರುವಾದರೆ ಮಾತು ಹಾಡಿನಡಿ ಹೋಗುತ್ತದೆ. ಚಹಾ ಕೊಡುವ ಮೊದಲೇ ಹೇಳಬೇಕು, ಕೈಗೆ ಬಸಿ ಬಂದರೆ ಮಂದಿ ಎಲ್ಲವನ್ನೂ ನಕ್ಕು ನುಂಗಿಬಿಡುತ್ತಾರೆ. ಗಂಡ ಅಲ್ಲೇ ಬಾಗಿಲಲ್ಲಿ ನಿಂತಿರುತ್ತಾನೆ. ನಿಂತಿರಲಿ. ಅವನ ಮುಖಕ್ಕೆ ಏನಾಗುತ್ತದೆ ಎನ್ನುವುದನ್ನು ಆಮೇಲೆ ಇಬ್ಬರೂ ಕೂತು ನೋಡಿಕೊಂಡರಾಯಿತು. ಬಳಗದವರು ಅವಳ ಕಿವಿಯನ್ನು ಇನ್ನು ಮುಂದೆ ನಂಬದಿದ್ದರೆ ಅದೂ ಸರಿಯೇ. ಆಮೇಲೆ ಬಸ್‌ಸ್ಟ್ಯಾಂಡಿಗೆ ಯಮನಪ್ಪನ ಅಂಗಡಿಯ ತನಕ ಅವಳೇ ನಡೆದು ಹೋಗಬೇಕು, ಮಂದಿ ಬಸ್ಸಿಗೆ ನಿಂತಿರುವ ಹೊತ್ತಿನಲ್ಲೇ.

“ಏನ ಅಷ್ಟ ವಿಚಾರ ಮಾಡಾಕ ಹತ್ತೀ?” ಅಂದಾನೆಪ್ಪ ಪಡಸಾಲೆಯಿಂದ ಕೇಳಿದ.

“ಭಜಿಗೆ ಕಡ್ಲಿ ಹಿಟ್ಟು ಸಾಲತೈತೋ ಇಲ್ಲೋ ಅಂತರಿ,” ಎಂದು ಉಮಾಶ್ರೀ ಇನ್ನೊಂದು ದಂಟು ಕೈಗೆತ್ತಿಕೊಂಡಳು.